ಲಂಡನ್ನಿನ ಉಚಿತ ತಾರಸಿ ತೋಟಕ್ಕೆ ಹೋಗುವುದು ಹೇಗೆ: ಟಿಕೆಟ್‌ನಿಂದ ಹಿಡಿದು ಬುತ್ತಿಯವರೆಗೆ

ಲಂಡನ್ನಿಗೆ ಬಂದ ಮೊದಲ ವಾರಗಳಲ್ಲಿ ಅಮ್ಮ ಯಾವ ಟಿಕೆಟ್ ಕೌಂಟರಿನ ಮುಂದೆ ನಿಂತರೂ ಪೌಂಡನ್ನು ರೂಪಾಯಿಗೆ ಗುಣಿಸುತ್ತಿದ್ದರು. ಗುಣಿಸಿ ಮುಗಿಸಿದ ಮೇಲೆ “ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ, ನಡಿ” ಎನ್ನುತ್ತಿದ್ದರು. ಲಂಡನ್ ಐ ಚಕ್ರವನ್ನೂ ಶಾರ್ಡ್ ಗೋಪುರವನ್ನೂ ನಾವು ಹೀಗೆ ಹೊರಗಿನಿಂದಲೇ ನೋಡಿ ಮುಗಿಸಿದೆವು. ಅವರು ಲೆಕ್ಕ ಹಾಕದೆ ಹತ್ತಿದ ಎತ್ತರವೆಂದರೆ ಫೆನ್‌ಚರ್ಚ್ ಸ್ಟ್ರೀಟಿನ 20ನೇ ನಂಬರಿನ ಕಟ್ಟಡದ ನೆತ್ತಿಯ ಮೇಲಿರುವ ಸ್ಕೈ ಗಾರ್ಡನ್.

ಆಮೇಲೆ ಅತ್ತೆ ಮಾವ, ಚಿಕ್ಕಪ್ಪನ ಮನೆಯವರು, ಕೆಲಸದ ಮೇಲೆ ಬಂದ ಗೆಳೆಯರು ಹೀಗೆ ಹಲವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಒಮ್ಮೆ ಮಂಜಿನಲ್ಲಿ ಏನೂ ಕಾಣದೆ ಇಳಿದಿದ್ದೇವೆ, ಒಮ್ಮೆ ಟಿಕೆಟ್ ಸಿಗದೆ ಕೆಳಗೇ ನಿಂತಿದ್ದೇವೆ. ಊರಿನಿಂದ ಬರುವವರಿಗೆ ಲಂಡನ್ನಿನಲ್ಲಿ ಸಿಗುವುದು ಎಣಿಸಿದಷ್ಟೇ ದಿನ. ಅದರಲ್ಲಿ ಅರ್ಧ ದಿನ ವ್ಯರ್ಥವಾದರೂ ಮನಸ್ಸಿಗೆ ಹತ್ತುತ್ತದೆ. ಅದಕ್ಕಾಗಿ ಹೋಗುವ ದಾರಿಯನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ಮಾತು: ಇದು ಏಕೆ ಉಚಿತ?

ಇದನ್ನು ತಿಳಿದುಕೊಂಡು ಹೋಗುವುದು ಮುಖ್ಯ. ಏಕೆಂದರೆ ನಮ್ಮವರಲ್ಲಿ ಒಂದು ಸಂಕೋಚವಿದೆ. ಗಾಜಿನ ಬಾಗಿಲು, ಸೂಟು ಧರಿಸಿದ ಕಾವಲುಗಾರರು, ಮೇಲೆ ದುಬಾರಿ ರೆಸ್ಟೋರೆಂಟ್ ಕಂಡ ಕೂಡಲೇ “ಏನಾದರೂ ಕೊಂಡುಕೊಳ್ಳಬೇಕೇನೋ, ಸುಮ್ಮನೆ ನೋಡಿ ಬಂದರೆ ಏನೆಂದುಕೊಳ್ಳುತ್ತಾರೋ” ಎಂಬ ಅಳುಕು ಹುಟ್ಟುತ್ತದೆ. ನಮ್ಮ ಮಾವನವರು ಮೇಲೆ ಹೋದ ಹತ್ತು ನಿಮಿಷಕ್ಕೇ “ಒಂದು ಕಾಫಿಯನ್ನಾದರೂ ತೆಗೆದುಕೊಳ್ಳೋಣ, ಮರ್ಯಾದೆಯಲ್ಲ” ಎಂದಿದ್ದರು.

ಅಳುಕಬೇಕಾಗಿಲ್ಲ. ಈ ಕಟ್ಟಡ ನಿಂತಿರುವುದು ಲಂಡನ್ ಸಿಟಿಯ ಉಳಿದ ಗಗನಚುಂಬಿಗಳ ಗುಂಪಿನಿಂದ ಸ್ವಲ್ಪ ಹೊರಗೆ, ನದಿಗೆ ಹತ್ತಿರವಾಗಿ. 160 ಮೀಟರ್ ಎತ್ತರದ ಕಟ್ಟಡ ಅಲ್ಲಿ ಬಂದರೆ ನಗರದ ನೋಟವೇ ಬದಲಾಗುತ್ತದೆ ಎಂದು ದೊಡ್ಡ ವಿರೋಧವಿತ್ತು. ಕೊನೆಗೆ ಅನುಮತಿ ಸಿಕ್ಕಿದಾಗ, ಮೇಲಿನ ತೋಟ ಸಾರ್ವಜನಿಕರಿಗೆ ಹಣವಿಲ್ಲದೆ ತೆರೆದಿರಬೇಕು ಎಂಬುದು ಒಪ್ಪಂದದ ಭಾಗವಾಯಿತು. ಊರಿನ ಆಕಾಶದಲ್ಲಿ ಒಂದು ತುಂಡನ್ನು ಕಟ್ಟಡದವರು ತೆಗೆದುಕೊಂಡರು, ಅದರ ಬದಲಿಗೆ ಆ ಎತ್ತರವನ್ನು ಊರಿನವರಿಗೆ ಬಿಟ್ಟುಕೊಟ್ಟರು. 2015ರ ಜನವರಿಯಲ್ಲಿ ತೋಟ ತೆರೆಯಿತು. ಹಾಗಾಗಿ ನೀವು ಅಲ್ಲಿ ಯಾರ ಅತಿಥಿಯೂ ಅಲ್ಲ, ಗಿರಾಕಿಯೂ ಅಲ್ಲ. ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕೂರುವಷ್ಟೇ ನಿಶ್ಚಿಂತೆಯಿಂದ ಕುಳಿತುಕೊಳ್ಳಿ.

ಟಿಕೆಟ್

ಉಚಿತವಾದರೂ ಟಿಕೆಟ್ ಬೇಕು. ಸ್ಕೈ ಗಾರ್ಡನ್‌ನ ಅಧಿಕೃತ ಜಾಲತಾಣದಲ್ಲಿ ದಿನ ಮತ್ತು ಸಮಯ ಆರಿಸಿಕೊಂಡು ಹೆಸರು, ಇಮೇಲ್ ಕೊಟ್ಟರೆ ಟಿಕೆಟ್ ಇಮೇಲಿಗೆ ಬರುತ್ತದೆ. ಸಾಮಾನ್ಯವಾಗಿ ಸೋಮವಾರ ಹೊಸ ಟಿಕೆಟ್‌ಗಳನ್ನು ಬಿಡುತ್ತಾರೆ, ಮೂರು ವಾರ ಮುಂದಿನವರೆಗೆ ಸಿಗುತ್ತವೆ. ಶನಿವಾರ, ಭಾನುವಾರದ ಸಂಜೆಯವು ಬಹಳ ಬೇಗ ಮುಗಿದುಹೋಗುತ್ತವೆ. ವಾರದ ನಡುವಿನ ಬೆಳಗಿನವು ಎರಡು ಮೂರು ದಿನ ಮುಂಚೆ ನೋಡಿದರೂ ಕೆಲವೊಮ್ಮೆ ಉಳಿದಿರುತ್ತವೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಬುಕ್ ಮಾಡುವವರು ಗಡಿಯಾರದ ಕಡೆ ಗಮನ ಕೊಡಿ. ಲಂಡನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಐದೂವರೆ ಗಂಟೆ ಹಿಂದೆ. ಅಲ್ಲಿ ಸೋಮವಾರ ಬೆಳಗ್ಗೆ ಹತ್ತು ಗಂಟೆಯಾದಾಗ ನಮ್ಮಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ.

ಅಂತರ್ಜಾಲದಲ್ಲಿ ಹುಡುಕಿದಾಗ ಇದೇ ತೋಟದ ಹೆಸರು ಹೇಳಿ ಹಣ ಕೇಳುವ ಬೇರೆ ತಾಣಗಳೂ ಕಾಣುತ್ತವೆ. ಪ್ರವಾಸದ ಪೊಟ್ಟಣದಲ್ಲಿ ಸೇರಿಸಿಯೋ ಊಟದ ಜೊತೆಗೆ ಕೂಡಿಸಿಯೋ ಮಾರುತ್ತಾರೆ. ತೋಟ ನೋಡುವುದಷ್ಟೇ ಉದ್ದೇಶವಾದರೆ ಒಂದು ಪೈಸೆಯನ್ನೂ ಕೊಡಬೇಡಿ. ಹಣದ ಪುಟ ಬಂತೆಂದರೆ ತಪ್ಪು ಜಾಗಕ್ಕೆ ಬಂದಿದ್ದೀರಿ ಎಂದೇ ತಿಳಿದು ಹಿಂದೆ ಹೋಗಿ.

ಗುಂಪಿನಲ್ಲಿ ಯಾರ ಹೆಸರಿನಲ್ಲಿ ಟಿಕೆಟ್ ಇದೆಯೋ ಅವರು ಭಾವಚಿತ್ರವಿರುವ ಗುರುತಿನ ಪತ್ರ ಇಟ್ಟುಕೊಂಡಿರಲಿ. ಮಕ್ಕಳ ಜೊತೆ ದೊಡ್ಡವರಿರಲೇಬೇಕು. ತೆರೆದಿರುವ ವೇಳೆ ವಾರದ ದಿನಗಳಿಗೊಂದು, ವಾರಾಂತ್ಯಕ್ಕೊಂದು ಇರುತ್ತದೆ, ಖಾಸಗಿ ಸಮಾರಂಭವಿದ್ದರೆ ಅದೂ ಬದಲಾಗುತ್ತದೆ. ಹೋಗುವ ಹಿಂದಿನ ದಿನ ಜಾಲತಾಣವನ್ನು ಇನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಯಾವ ಹೊತ್ತಿಗೆ ಹೋಗಬೇಕು

ಟಿಕೆಟ್ ಆರಿಸುವಾಗಲೇ ಇದನ್ನು ಯೋಚಿಸಬೇಕು. ಲಂಡನ್ನಿನಲ್ಲಿ ಹಗಲಿನ ಉದ್ದ ನಮ್ಮ ಊರಿನ ಹಾಗಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ರ ಸುಮಾರಿಗೆ, ಡಿಸೆಂಬರಿನಲ್ಲಿ ಸಂಜೆ 4ಕ್ಕೂ ಮುಂಚೆ. ಬೇಸಿಗೆಯಲ್ಲಿ ಸೂರ್ಯಾಸ್ತ ನೋಡಬೇಕೆಂದು ಸಂಜೆ ಆರಕ್ಕೆ ಹೋದರೆ ನೆತ್ತಿಯ ಮೇಲೆ ಬಿಸಿಲೇ ಇರುತ್ತದೆ.

ನನ್ನನ್ನು ಕೇಳಿದರೆ ನವೆಂಬರಿನಿಂದ ಜನವರಿಯವರೆಗಿನ ಮಧ್ಯಾಹ್ನ ಮೂರು ಗಂಟೆಯ ಟಿಕೆಟ್ ಎಲ್ಲಕ್ಕಿಂತ ಒಳ್ಳೆಯದು. ಮೇಲೆ ಹೋದಾಗ ಇನ್ನೂ ಬೆಳಕಿರುತ್ತದೆ, ನದಿ ಸೇತುವೆಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಸಂತ ಪೌಲರ ಚರ್ಚಿನ ಗುಮ್ಮಟದ ಹಿಂದೆ ಆಕಾಶ ಕೆಂಪಾಗುತ್ತದೆ. ಇಳಿಯುವ ಹೊತ್ತಿಗೆ ಇಡೀ ಊರು ದೀಪ ಹಚ್ಚಿಕೊಂಡಿರುತ್ತದೆ. ಒಂದೇ ಟಿಕೆಟ್‌ನಲ್ಲಿ ಹಗಲು, ಮುಸ್ಸಂಜೆ, ರಾತ್ರಿ ಮೂರೂ ಸಿಕ್ಕಂತೆ. ಬೇಸಿಗೆಯಲ್ಲಿ ಬರುವವರು ಬೆಳಗಿನ ಮೊದಲ ಟಿಕೆಟ್ ಹಿಡಿಯಿರಿ, ಜನ ಕಡಿಮೆ.

ಇನ್ನು ಮಂಜು. ಮಾವನವರನ್ನು ಕರೆದುಕೊಂಡು ಹೋದ ಒಂದು ನವೆಂಬರಿನಲ್ಲಿ ಲಿಫ್ಟ್ ಬಾಗಿಲು ತೆರೆದಾಗ ಗಾಜಿನ ಆಚೆ ಹಾಲು ಸುರಿದ ಹಾಗೆ ಬಿಳಿ. ಗೋಪುರವಿಲ್ಲ, ನದಿಯಿಲ್ಲ. “ನಂದಿಬೆಟ್ಟಕ್ಕೆ ಬಂದ ಹಾಗಾಯಿತು” ಎಂದು ಅವರು ಸಂತೋಷದಿಂದಲೇ ಗಿಡಗಳನ್ನು ನೋಡುತ್ತಾ ಓಡಾಡಿದರು, ಆದರೆ ನನಗೆ ಮಾತ್ರ ಬಹಳ ಬೇಸರವಾಯಿತು. ಅಂದಿನಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮೇಲೆ ಹತ್ತುವ ಮುಂಚೆ ಮಾನ್ಯುಮೆಂಟ್ ನಿಲ್ದಾಣದ ಬಳಿ ಲಂಡನ್ ಸೇತುವೆಯ ಕಡೆ ತಿರುಗಿ ಶಾರ್ಡ್ ಗೋಪುರವನ್ನು ನೋಡಿ. ಅದರ ಎತ್ತರ 310 ಮೀಟರ್, ನೀವು ಹತ್ತಲಿರುವ ಕಟ್ಟಡದ ಹೆಚ್ಚುಕಡಿಮೆ ಎರಡರಷ್ಟು. ಅದರ ಚೂಪು ತುದಿ ಕಂಡರೆ ಧೈರ್ಯವಾಗಿ ಹತ್ತಿ. ಅದರ ಸೊಂಟದಿಂದ ಮೇಲೆ ಮೋಡದಲ್ಲಿ ಮುಚ್ಚಿಹೋಗಿದ್ದರೆ ನಿಮ್ಮ ಟಿಕೆಟ್ ಸಮಯದ ಕೊನೆಯವರೆಗೂ ಕಾದು ಹತ್ತುವುದು ವಾಸಿ, ಅಷ್ಟರಲ್ಲಿ ಕೆಲವೊಮ್ಮೆ ತೆರೆದುಕೊಳ್ಳುತ್ತದೆ.

ದಾರಿ

ಭೂಗತ ರೈಲಿನಲ್ಲಿ ಮಾನ್ಯುಮೆಂಟ್ ನಿಲ್ದಾಣದಲ್ಲಿ ಇಳಿಯಿರಿ. ಸರ್ಕಲ್ ಮತ್ತು ಡಿಸ್ಟ್ರಿಕ್ಟ್ ಮಾರ್ಗಗಳು ಅಲ್ಲಿಗೆ ಬರುತ್ತವೆ. ಸೆಂಟ್ರಲ್, ನಾರ್ದರ್ನ್ ಮಾರ್ಗಗಳಲ್ಲಿ ಬರುವವರು ಬ್ಯಾಂಕ್ ನಿಲ್ದಾಣದಲ್ಲಿ ಇಳಿಯಬೇಕು. ಎರಡೂ ನಿಲ್ದಾಣಗಳು ನೆಲದಡಿಯಲ್ಲೇ ಕೂಡಿಕೊಂಡಿವೆ, ಆದರೆ ಒಳಗಿನ ನಡಿಗೆ ಉದ್ದ. ಮಂಡಿ ನೋವಿರುವವರನ್ನು ಕರೆತರುವುದಾದರೆ ನೇರವಾಗಿ ಮಾನ್ಯುಮೆಂಟಿಗೇ ಬನ್ನಿ. ಹೀಥ್ರೂ ಕಡೆಯಿಂದ ಎಲಿಜಬೆತ್ ಮಾರ್ಗದಲ್ಲಿ ಬಂದರೆ ಲಿವರ್‌ಪೂಲ್ ಸ್ಟ್ರೀಟಿನಲ್ಲಿ ಇಳಿದು ಕಾಲು ಗಂಟೆಯೊಳಗೆ ನಡೆದು ತಲುಪಬಹುದು.

ನಿಲ್ದಾಣದಿಂದ ಹೊರಬಂದು ಈಸ್ಟ್‌ಚೀಪ್ ಎಂಬ ಬೀದಿಯಲ್ಲಿ ಪೂರ್ವಕ್ಕೆ ನಡೆಯಿರಿ. ಎಡಗಡೆಗೆ ಫಿಲ್‌ಪಾಟ್ ಲೇನ್ ಎಂಬ ಓಣಿ ಬರುತ್ತದೆ, ಆ ಓಣಿಯ ಕಡೆಯಿಂದಲೇ ತೋಟಕ್ಕೆ ಬಾಗಿಲು. ಫೆನ್‌ಚರ್ಚ್ ಸ್ಟ್ರೀಟಿನ ಕಡೆ ಇರುವುದು ಕಚೇರಿಯವರ ದೊಡ್ಡ ಬಾಗಿಲು, ಅಲ್ಲಿಗೆ ಹೋಗಿ ನಿಂತರೆ ಸುತ್ತಿಕೊಂಡು ಬರಬೇಕಾಗುತ್ತದೆ.

ಓಣಿಗೆ ತಿರುಗುವ ಮೂಲೆಯಲ್ಲಿ ಒಂದು ನಿಮಿಷ ನಿಲ್ಲಿ. ಅಲ್ಲಿನ ಹಳೆಯ ಕಟ್ಟಡದ ಓಣಿಯ ಕಡೆಯ ಗೋಡೆಯಲ್ಲಿ, ತಲೆಯೆತ್ತಿ ನೋಡಿದರೆ, ಕಟ್ಟುಪಟ್ಟಿಯ ಮೇಲೆ ಎರಡು ಪುಟಾಣಿ ಇಲಿಗಳು ಒಂದು ಚೀಸ್ ತುಂಡಿಗೆ ಕಿತ್ತಾಡುತ್ತಿರುತ್ತವೆ. ಲಂಡನ್ನಿನ ಅತಿ ಚಿಕ್ಕ ಸಾರ್ವಜನಿಕ ಶಿಲ್ಪ ಇದೇ ಎನ್ನುತ್ತಾರೆ. ಹಿಂದೆ ಕಟ್ಟಡ ಕೆಲಸದವರಿಬ್ಬರು ಬುತ್ತಿ ಕದ್ದೆ ಎಂದು ಒಬ್ಬರನ್ನೊಬ್ಬರು ದೂರಿ, ಎತ್ತರದಲ್ಲೇ ಜಗಳಾಡಿ ಬಿದ್ದು ಸತ್ತರಂತೆ. ಬುತ್ತಿ ತಿಂದದ್ದು ಇಲಿಗಳೆಂದು ಆಮೇಲೆ ತಿಳಿಯಿತಂತೆ. ಕಥೆ ನಿಜವೋ ಅಲ್ಲವೋ, ಇಲಿಗಳು ಮಾತ್ರ ಇವೆ. ಮಕ್ಕಳಿದ್ದರೆ ಜಾಗ ಹೇಳಬೇಡಿ, ಅವರೇ ಹುಡುಕಲಿ.

ಇನ್ನು ನೀವು ಹತ್ತಲಿರುವ ಕಟ್ಟಡ. ಬುಡಕ್ಕಿಂತ ತಲೆ ಅಗಲ, ನಡುವೆ ಒಳಕ್ಕೆ ಬಾಗಿದ ಗಾಜು. ಹಳೆಯ ಕಾಲದ ವಾಕಿಟಾಕಿಯ ಹಾಗೆ ಕಾಣುವುದರಿಂದ ಊರಿನವರು ಅದನ್ನು ವಾಕಿಟಾಕಿ ಎಂದೇ ಕರೆಯುತ್ತಾರೆ. ವಾಸ್ತುಶಿಲ್ಪಿ ರಫಾಯೆಲ್ ವಿನೋಲಿ. ಕೆಲಸ ಇನ್ನೂ ನಡೆಯುತ್ತಿದ್ದ 2013ರ ಬೇಸಿಗೆಯಲ್ಲಿ ಆ ಒಳಬಾಗಿದ ಗಾಜು ಭೂತಗನ್ನಡಿಯ ಹಾಗೆ ಬಿಸಿಲನ್ನು ಒಟ್ಟುಮಾಡಿ ಈಸ್ಟ್‌ಚೀಪ್ ಬೀದಿಗೆ ಬಿಟ್ಟಿತು, ಅಲ್ಲಿ ನಿಲ್ಲಿಸಿದ್ದ ಕಾರೊಂದರ ಭಾಗಗಳು ಕರಗಿದವು. ನಂತರ ಆ ಗಾಜಿನ ಮುಂದೆ ಬಿಸಿಲು ತಡೆಯುವ ಅಡ್ಡಪಟ್ಟಿಗಳನ್ನು ಕೂರಿಸಿದರು. ಕೆಳಗೆ ನಿಂತು ದಕ್ಷಿಣದ ಮುಖ ನೋಡಿದರೆ ಆ ಪಟ್ಟಿಗಳು ಈಗಲೂ ಕಾಣುತ್ತವೆ.

ತಪಾಸಣೆ

ವಿಮಾನ ನಿಲ್ದಾಣದಲ್ಲಿರುವಂತೆಯೇ. ಚೀಲ ಯಂತ್ರದೊಳಗೆ ಹೋಗುತ್ತದೆ, ಬೆಲ್ಟ್, ಮೊಬೈಲ್ ತಟ್ಟೆಗೆ ಹಾಕಬೇಕು. ಸೂಟ್‌ಕೇಸ್ ಎಳೆದುಕೊಂಡು ಬರಬೇಡಿ, ವಿಮಾನ ಹತ್ತುವ ದಿನ ಇದನ್ನು ಇಟ್ಟುಕೊಳ್ಳಲೇಬೇಡಿ. ಹೊರಗಿನ ಊಟ ತಿಂಡಿ ಮೇಲಕ್ಕೆ ತರುವಂತಿಲ್ಲ. ಬುತ್ತಿ ಎಲ್ಲಿ ಬಿಚ್ಚಬೇಕೆಂದು ಮುಂದೆ ಹೇಳುತ್ತೇನೆ. ಕ್ಯಾಮೆರಾದ ಮುಕ್ಕಾಲಿಯೂ ಬೇಡ.

ಕೋಟು, ಸ್ವೆಟರ್ ಮಾತ್ರ ಜೊತೆಯಲ್ಲೇ ಇರಲಿ. ಗಾಜಿನ ಮನೆ ಎಂದ ಮಾತ್ರಕ್ಕೆ ಬೆಚ್ಚಗಿರುತ್ತದೆ ಎಂದುಕೊಳ್ಳಬೇಡಿ, ಅಲ್ಲಿ ಹೊರಗಿನ ಗಾಳಿ ಆಡುತ್ತದೆ. ಅಮ್ಮ ಸೀರೆಯ ಮೇಲೆ ಶಾಲು ಹೊದ್ದು, ಅದರ ಮೇಲೆ ನನ್ನ ಕೋಟನ್ನೂ ಹಾಕಿಕೊಂಡು ಓಡಾಡಿದರು.

ಮೇಲೆ: ಎಲ್ಲಿಂದ ಶುರು ಮಾಡಬೇಕು

ಲಿಫ್ಟ್ ನಿಮ್ಮನ್ನು 35ನೇ ಅಂತಸ್ತಿಗೆ ಬಿಡುತ್ತದೆ. ತೋಟ ಅಲ್ಲಿಂದ 37ನೇ ಅಂತಸ್ತಿನವರೆಗೆ ಒಂದೇ ಗಾಜಿನ ಚಪ್ಪರದಡಿ ಹಬ್ಬಿದೆ. ಬಂದವರೆಲ್ಲ ನೇರವಾಗಿ ಎದುರಿನ ತೆರೆದ ಜಗಲಿಗೆ ನುಗ್ಗುತ್ತಾರೆ, ಏಕೆಂದರೆ ಥೇಮ್ಸ್ ನದಿಯೂ ಶಾರ್ಡ್ ಗೋಪುರವೂ ಕಾಣುವುದು ಆ ಕಡೆಗೇ. ಅಲ್ಲಿ ಮೊಬೈಲ್ ಹಿಡಿದವರ ಸಾಲು. ನೀವು ಹಾಗೆ ಮಾಡಬೇಡಿ. ಬದಿಯ ಮೆಟ್ಟಿಲುಗಳನ್ನು ಹಿಡಿದು ಗಿಡಗಳ ಪಕ್ಕದಲ್ಲೇ ನಿಧಾನವಾಗಿ ಮೇಲಕ್ಕೆ, ಹಿಂಬದಿಗೆ, ಅಂದರೆ ಉತ್ತರಕ್ಕೆ ಹೋಗಿ. ಮೆಟ್ಟಿಲು ಹತ್ತಲಾಗದವರಿಗೆ, ಗಾಲಿಕುರ್ಚಿಯವರಿಗೆ ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ.

ಉತ್ತರದ ಗಾಜಿನ ಮುಂದೆ ಜನ ಕಡಿಮೆ. ಎದುರಿಗೆ ಕಚೇರಿಗಳ ಕಾಡು. ಸೌತೆಕಾಯಿಯ ಆಕಾರದ್ದು 2004ರ ಗರ್ಕಿನ್. ಒಂದು ಬದಿ ಇಳಿಜಾರಾಗಿ ತುರಿಯುವ ಮಣೆಯ ಹಾಗಿರುವುದು ಲೆಡನ್‌ಹಾಲ್ ಕಟ್ಟಡ. ಎಲ್ಲಕ್ಕಿಂತ ಎತ್ತರದ್ದು 22 ಬಿಷಪ್ಸ್‌ಗೇಟ್, 278 ಮೀಟರ್. ಇವುಗಳ ನಡುವೆ ಕೊಳವೆ, ಲಿಫ್ಟ್, ಮೆಟ್ಟಿಲುಗಳನ್ನೆಲ್ಲ ಮೈಯ ಹೊರಗೇ ಇಟ್ಟುಕೊಂಡಿರುವ ಉಕ್ಕಿನ ಕಟ್ಟಡವೊಂದನ್ನು ಹುಡುಕಿ. ಅದು ಲಾಯ್ಡ್ಸ್, ವಿಮಾ ವ್ಯವಹಾರದ ಕೇಂದ್ರ, 1986ರಲ್ಲಿ ಮುಗಿದದ್ದು.

ಕನ್ನಡಿಗರು ಅಲ್ಲಿ ನಿಂತು ನೋಡಬೇಕಾದದ್ದು ಆ ಕಟ್ಟಡವನ್ನಲ್ಲ, ಅದು ನಿಂತ ನೆಲವನ್ನು. ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿಯಾದ ಈಸ್ಟ್ ಇಂಡಿಯಾ ಹೌಸ್ ಇದ್ದದ್ದು ಅದೇ ಜಾಗದಲ್ಲಿ, ಲೆಡನ್‌ಹಾಲ್ ಸ್ಟ್ರೀಟಿನಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅರಮನೆಯಿಂದ ಹೊತ್ತೊಯ್ದ ವಸ್ತುಗಳಲ್ಲಿ ಸೈನಿಕನ ಮೇಲೆ ಎರಗಿದ ಮರದ ಹುಲಿಯೂ ಇತ್ತು. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟಿ, ಸೈನಿಕ ನರಳುವ ಸದ್ದು ಮಾಡುವ ಯಂತ್ರ ಅದು. 1808ರಿಂದ ಅದನ್ನು ಆ ಕಚೇರಿಯಲ್ಲಿ ಸಾರ್ವಜನಿಕರಿಗೆ ತೋರಿಸುತ್ತಿದ್ದರು. ಕಂಪನಿಯ ಆಳ್ವಿಕೆ ಮುಗಿದ ಮೇಲೆ, 1860ರ ದಶಕದ ಆರಂಭದಲ್ಲಿ ಕಟ್ಟಡವನ್ನು ಕೆಡವಿದರು. ಕಾವೇರಿಯ ದಂಡೆಯ ಹುಲಿ ಬಂದು ಕುಳಿತದ್ದು ಇಲ್ಲಿ ಎಂದು ಗಾಜಿನಿಂದ ಬೆರಳು ಮಾಡಿ ತೋರಿಸಿದಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ದಕ್ಷಿಣದ ನದಿಯ ನೋಟ ಎಲ್ಲರಿಗೂ ಸಿಗುತ್ತದೆ, ಉತ್ತರದ ಈ ನೋಟ ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ಅದಕ್ಕೇ ಮೊದಲು ಅಲ್ಲಿಗೆ ಹೋಗಿ ಎಂದದ್ದು.

ಅಲ್ಲಿಂದ ಪೂರ್ವಕ್ಕೆ ಬನ್ನಿ. ಕೆಳಗೆ, ಆಟಿಕೆಯಷ್ಟು ಚಿಕ್ಕದಾಗಿ, ಲಂಡನ್ ಗೋಪುರದ ಕೋಟೆ. ನಾಲ್ಕು ಮೂಲೆಯ ಬಿಳಿಗೋಪುರವನ್ನು ಕಟ್ಟಿಸಲು ಹೊರಟವನು ಹನ್ನೊಂದನೆಯ ಶತಮಾನದ ದೊರೆ ವಿಲಿಯಂ. ಅದರ ಪಕ್ಕದಲ್ಲೇ 1894ರ ಟವರ್ ಬ್ರಿಡ್ಜ್. ದೂರದಲ್ಲಿ ಗುಂಪಾಗಿ ನಿಂತಿರುವುದು ಕನೇರಿ ವಾರ್ಫ್, ನಮ್ಮ ಎಷ್ಟೋ ಹುಡುಗ ಹುಡುಗಿಯರು ದಿನವೂ ಕೆಲಸಕ್ಕೆ ಹೋಗುವ ಬ್ಯಾಂಕುಗಳು ಅಲ್ಲಿವೆ. ಕೊನೆಗೆ ದಕ್ಷಿಣದ ಜಗಲಿ. ಗಾಳಿ ಮಳೆ ಜೋರಾಗಿದ್ದರೆ ಅದನ್ನು ಮುಚ್ಚುತ್ತಾರೆ, ಆದರೂ ಒಳಗಿನಿಂದ ನೋಟಕ್ಕೆ ಅಡ್ಡಿಯಿಲ್ಲ. ಪಶ್ಚಿಮದ ತುದಿಯಲ್ಲಿ ನಿಂತರೆ ಸಂತ ಪೌಲರ ಗುಮ್ಮಟ ಕಾಣುತ್ತದೆ. ಫೋಟೊ ತೆಗೆಯುವಾಗ ಮೊಬೈಲನ್ನು ಗಾಜಿಗೆ ಒತ್ತಿ ಹಿಡಿಯಿರಿ, ಇಲ್ಲವಾದರೆ ಒಳಗಿನ ದೀಪಗಳ ಪ್ರತಿಬಿಂಬವೇ ಚಿತ್ರದಲ್ಲಿ ಮೂಡುತ್ತದೆ.

ಗಿಡಗಳ ಬಗ್ಗೆ

ತೋಟವೆಂದರೆ ನೆಲಕ್ಕೆ ಸಮನಾದ ತೋಟವಲ್ಲ. ಎರಡು ಬದಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಮಡಿಗಳು, ನಮ್ಮ ಮಲೆನಾಡಿನ ಗುಡ್ಡದ ಇಳಿಜಾರಿನ ಹಾಗೆ. ಗಾಜಿನಡಿಯ ಬಿಸಿಲು, ಕಡಿಮೆ ನೀರು ಇವನ್ನು ತಡೆದುಕೊಳ್ಳುವ ಮೆಡಿಟರೇನಿಯನ್ ಮತ್ತು ದಕ್ಷಿಣ ಆಫ್ರಿಕಾದ ಗಿಡಗಳನ್ನೇ ಹೆಚ್ಚಾಗಿ ಆರಿಸಿದ್ದಾರೆ. ನೀಲಿ ಹೂಚೆಂಡಿನ ಆಫ್ರಿಕನ್ ಲಿಲ್ಲಿ, ಬೆಂಕಿಯ ಪಂಜಿನಂತಹ ಕೆಂಪು ಹೂವಿನ ರೆಡ್ ಹಾಟ್ ಪೋಕರ್, ಲ್ಯಾವೆಂಡರ್, ಮರದೆತ್ತರದ ಜರೀಗಿಡಗಳು, ಸೈಕಸ್.

ಅಮ್ಮ ಒಂದು ಮಡಿಯ ಮುಂದೆ ಬಗ್ಗಿ ನಿಂತರು. ಬಾಳೆಯ ಎಲೆಯನ್ನು ಚಿಕ್ಕದು ಮಾಡಿ ಗಟ್ಟಿಯಾಗಿಸಿದಂತಹ ಎಲೆಗಳು. ನಡುವಿನಿಂದ ಹಕ್ಕಿಯ ಕೊಕ್ಕಿನ ಹಾಗೆ ಅಡ್ಡಕ್ಕೆ ಚಾಚಿದ ಹಸಿರು ತೊಟ್ಟು, ಅದನ್ನು ಸೀಳಿಕೊಂಡು ಎದ್ದ ಕಿತ್ತಳೆ ದಳಗಳು, ನಡುವೆ ಒಂದು ನೀಲಿ ಮೊನೆ. “ಇದು ನಮ್ಮ ಲಾಲ್‌ಬಾಗಿನದಲ್ಲವೇ?” ಎಂದರು. ಬರ್ಡ್ ಆಫ್ ಪ್ಯಾರಡೈಸ್. ಬೆಂಗಳೂರಿನ ಉದ್ಯಾನಗಳಲ್ಲೂ ಮದುವೆಮನೆಯ ಹೂಗುಚ್ಛಗಳಲ್ಲೂ ಎಲ್ಲರೂ ನೋಡಿರುವ ಹೂವು. ಲಾಲ್‌ಬಾಗಿನದು ಹೌದು, ಆದರೆ ಅದರ ತವರು ದಕ್ಷಿಣ ಆಫ್ರಿಕಾ ಎಂದೆ. “ಹಾಗಾದರೆ ಇದಕ್ಕೂ ಎರಡು ಊರು” ಎಂದು ಬೆರಳ ತುದಿಯಿಂದ ಎಲೆಯ ಧೂಳನ್ನು ಒರೆಸಿದರು.

ಒಂದು ವಿಷಯ ನೇರವಾಗಿ ಹೇಳಬೇಕು. ಗಿಡಗಳ ನಡುವೆ ಮೈಮರೆತು ಕೂರುವ ಆಸೆಯಿಂದ ಹೋದರೆ ಸ್ಕೈ ಗಾರ್ಡನ್‌ನಲ್ಲಿ ಅರ್ಧ ತೃಪ್ತಿಯಷ್ಟೇ. ನಡುವಿನ ಜಾಗವೆಲ್ಲ ಬಾರು, ಮೇಜು, ಸಂಗೀತ. ವಾರಾಂತ್ಯದ ಸಂಜೆಗಳಲ್ಲಿ ಗದ್ದಲ ಹೆಚ್ಚು. ತೋಟಕ್ಕೇ ಮನಸ್ಸಿಟ್ಟವರಿಗೆ ಇಲ್ಲಿಂದ ಐದು ನಿಮಿಷದ ನಡಿಗೆಯಲ್ಲಿ ಇನ್ನೊಂದು ಜಾಗವಿದೆ. ನನಗೆ ಹೆಚ್ಚು ಇಷ್ಟವಾದದ್ದೂ ಅದೇ.

ಟಿಕೆಟ್ ಸಿಗದಿದ್ದರೆ, ಸಿಕ್ಕಿದ್ದರೂ: 120ರ ತೋಟ

ಅದೇ ಫೆನ್‌ಚರ್ಚ್ ಸ್ಟ್ರೀಟಿನಲ್ಲಿ ಪೂರ್ವಕ್ಕೆ ನಡೆದರೆ 120ನೇ ನಂಬರಿನ ಫೆನ್ ಕೋರ್ಟ್ ಕಟ್ಟಡ. ಅದರ 15ನೇ ಅಂತಸ್ತಿನ ಮೇಲೆ ಆಕಾಶಕ್ಕೇ ತೆರೆದಿರುವ ನಿಜವಾದ ತಾರಸಿ ತೋಟ, ದಿ ಗಾರ್ಡನ್ ಅಟ್ 120. 2019ರಲ್ಲಿ ತೆರೆದದ್ದು. ಇದಕ್ಕೆ ಮುಂಗಡ ಟಿಕೆಟ್ ಬೇಡ. ಕೆಳಗೆ ಚೀಲ ತಪಾಸಣೆ ಮಾಡಿ ಲಿಫ್ಟಿನಲ್ಲಿ ಕಳುಹಿಸುತ್ತಾರೆ. ಜನ ತುಂಬಿದ್ದರೆ ಸ್ವಲ್ಪ ಕಾಯಬೇಕು. ಬೇಸಿಗೆಯಲ್ಲಿ ಸಂಜೆ ಹೆಚ್ಚು ಹೊತ್ತು, ಚಳಿಗಾಲದಲ್ಲಿ ಕಡಿಮೆ ಹೊತ್ತು ತೆರೆದಿರುತ್ತದೆ. ಗಾಳಿ ಜೋರಾದರೆ ಮುಚ್ಚುತ್ತಾರೆ.

ಎತ್ತರ ಸ್ಕೈ ಗಾರ್ಡನ್‌ನ ಅರ್ಧಕ್ಕಿಂತ ಕಡಿಮೆ. ಆದರೆ ಇಲ್ಲಿ ಗಾಜಿನ ಸೂರಿಲ್ಲ. ಮಳೆ ಬಂದರೆ ನೆನೆಯುತ್ತೀರಿ, ಬಿಸಿಲು ಬಂದರೆ ಮೈ ಕಾಯುತ್ತದೆ, ಹೂವಿನ ವಾಸನೆ ಮೂಗಿಗೆ ಬರುತ್ತದೆ. ಉಕ್ಕಿನ ಚಪ್ಪರದ ತುಂಬ ವಿಸ್ಟೀರಿಯಾ ಬಳ್ಳಿ. ಮೇ ತಿಂಗಳಲ್ಲಿ ಬಂದರೆ ನೀಲಿನೇರಳೆ ಹೂಗೊಂಚಲುಗಳು ತಲೆಯ ಮೇಲೆ ದ್ರಾಕ್ಷಿಯ ಹಾಗೆ ಜೋತಾಡುತ್ತಿರುತ್ತವೆ. ಕೂರಲು ಬೆಂಚುಗಳಿವೆ, ಕಾಫಿಯ ಚಿಕ್ಕ ಮಳಿಗೆಯಿದೆ, ತೆಳುವಾಗಿ ಹರಿಯುವ ನೀರಿದೆ. ವಾರದ ದಿನ ಮಧ್ಯಾಹ್ನ ಸುತ್ತಲಿನ ಕಚೇರಿಯವರು ಊಟದ ಬಿಡುವಿಗೆ ಬಂದು ಸುಮ್ಮನೆ ಕುಳಿತಿರುತ್ತಾರೆ. ಇಲ್ಲಿಂದ ವಾಕಿಟಾಕಿ ಕಟ್ಟಡ ಇಡಿಯಾಗಿ, ತೀರಾ ಹತ್ತಿರದಲ್ಲಿ ಕಾಣುತ್ತದೆ. ಅದರೊಳಗೆ ಇದ್ದಾಗ ಕಾಣದ ಅದರ ಆಕಾರ ಇಲ್ಲಿ ನಿಂತಾಗ ಅರ್ಥವಾಗುತ್ತದೆ.

ಇಳಿದ ಮೇಲೆ ಪಕ್ಕದ ಚಿಕ್ಕ ಅಂಗಳದಲ್ಲಿ ಕಬ್ಬಿನ ಜಲ್ಲೆಗಳನ್ನು ನೆನಪಿಸುವ ಕಲ್ಲಿನ ಕಂಬಗಳಿವೆ, ಎದುರಿಗೆ ಹರಾಜುಕಟ್ಟೆಯಂತಹ ಪೀಠ. ಗುಲಾಮರ ವ್ಯಾಪಾರ ನಿಷೇಧದ ನೆನಪಿಗೆ ನಿಲ್ಲಿಸಿದ ಈ ಶಿಲ್ಪವನ್ನು 2008ರಲ್ಲಿ ಅನಾವರಣ ಮಾಡಿದವರು ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ಎರಡು ನಿಮಿಷ ಅಲ್ಲಿ ನಿಂತು ಬನ್ನಿ.

ಎತ್ತರವೇ ಮುಖ್ಯ, ಗಿಡ ಬೇಡ ಎನ್ನುವವರಿಗೆ 2023ರಲ್ಲಿ ತೆರೆದ ಇನ್ನೆರಡು ಉಚಿತ ವೀಕ್ಷಣಾ ಅಂತಸ್ತುಗಳಿವೆ: 22 ಬಿಷಪ್ಸ್‌ಗೇಟ್‌ನ 58ನೇ ಅಂತಸ್ತಿನ ಹೊರೈಜನ್ 22, ಮತ್ತು 8 ಬಿಷಪ್ಸ್‌ಗೇಟ್‌ನ 50ನೇ ಅಂತಸ್ತಿನ ದಿ ಲುಕ್‌ಔಟ್. ಇವಕ್ಕೂ ಅವರವರ ಜಾಲತಾಣದಲ್ಲಿ ಮುಂಗಡ ಬುಕಿಂಗ್ ಮಾಡಿ.

ಬುತ್ತಿ ಎಲ್ಲಿ ಬಿಚ್ಚಬೇಕು

ಚಿತ್ರಾನ್ನವೋ ಚಪಾತಿ ಪಲ್ಯವೋ ಕಟ್ಟಿಕೊಂಡು ಹೊರಟಿದ್ದರೆ, ಮೇಲೆ ಹೋಗುವ ಮುಂಚೆಯೇ ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್‌ಗೆ ಹೋಗಿ. ಈಸ್ಟ್‌ಚೀಪಿನಿಂದ ದಕ್ಷಿಣಕ್ಕೆ, ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ಕೆಲವೇ ನಿಮಿಷ. 1941ರ ಬಾಂಬ್ ದಾಳಿಯಲ್ಲಿ ಹಾಳಾದ ಚರ್ಚು ಅದು. ಕ್ರಿಸ್ಟೊಫರ್ ರೆನ್ ವಿನ್ಯಾಸದ ಗೋಪುರ ಉಳಿಯಿತು, ಚಾವಣಿ ಹೋಯಿತು. ಮತ್ತೆ ಕಟ್ಟುವ ಬದಲು 1970ರ ಹೊತ್ತಿಗೆ ಅದನ್ನು ಸಾರ್ವಜನಿಕ ಉದ್ಯಾನ ಮಾಡಿದರು. ಕಲ್ಲಿನ ಕಿಟಕಿಗಳ ಕಮಾನಿನೊಳಗೆ ಬಳ್ಳಿಗಳು ತೂರಿ ಬಂದಿವೆ, ನಡುವೆ ಪುಟ್ಟ ಕಾರಂಜಿ, ಸುತ್ತ ಬೆಂಚುಗಳು. ಅಲ್ಲಿ ಡಬ್ಬಿ ಬಿಚ್ಚಿ ಊಟ ಮಾಡಬಹುದು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಕಚೇರಿಯವರಿಂದ ಬೆಂಚುಗಳು ತುಂಬಿರುತ್ತವೆ, ಹನ್ನೊಂದೂವರೆಗೇ ಹೋದರೆ ಜಾಗ ಖಚಿತ. ಅನ್ನದ ಅಗುಳೂ ಕೆಳಗೆ ಬೀಳದಂತೆ ಎತ್ತಿಕೊಂಡು ಹೊರಡಿ. ಕಮಾನುಗಳ ಕೆಳಗೆ ಮದುವೆಯ ಉಡುಪಿನಲ್ಲಿ ಫೋಟೊ ತೆಗೆಸಿಕೊಳ್ಳಲು ಬಂದವರಿದ್ದರೆ ಸ್ವಲ್ಪ ಸರಿದು ಕೂತುಕೊಳ್ಳಿ.

ಶೌಚಾಲಯಕ್ಕೆ ಮಾತ್ರ ಸ್ಕೈ ಗಾರ್ಡನ್‌ನದನ್ನೇ ನೆಚ್ಚಿಕೊಳ್ಳಿ. ಹಿರಿಯರು ಜೊತೆಯಲ್ಲಿದ್ದರೆ ಇಳಿಯುವ ಮುಂಚೆ ಮರೆಯದೆ ನೆನಪಿಸಿ, ಸುತ್ತಲಿನ ಬೀದಿಗಳಲ್ಲಿ ಬೇರೆ ಹುಡುಕುವುದು ಕಷ್ಟ.

ದಿನ ಇನ್ನೂ ಉಳಿದಿದ್ದರೆ

ಮಾನ್ಯುಮೆಂಟ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೋಗುವ ಅದೇ ಸರ್ಕಲ್ ಅಥವಾ ಡಿಸ್ಟ್ರಿಕ್ಟ್ ರೈಲು ನಿಮ್ಮನ್ನು ಎರಡು ಕಡೆಗೆ ಮುಟ್ಟಿಸುತ್ತದೆ. ಸೌತ್ ಕೆನ್ಸಿಂಗ್ಟನ್‌ನಲ್ಲಿ ಇಳಿದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ, ಪ್ರವೇಶ ಉಚಿತ. ಮೇಲಿನಿಂದ ಬೆರಳು ಮಾಡಿ ತೋರಿಸಿದ ಟಿಪ್ಪುವಿನ ಹುಲಿ ಈಗ ಇರುವುದು ಆ ಸಂಗ್ರಹದಲ್ಲಿ. ಅದು ಆ ದಿನ ಪ್ರದರ್ಶನದಲ್ಲಿದೆಯೇ ಎಂದು ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಆರನೆಯ ನಿಲ್ದಾಣವಾದ ವೆಸ್ಟ್‌ಮಿನ್‌ಸ್ಟರಿನಲ್ಲೇ ಇಳಿದರೆ ಬಸವಣ್ಣ. ಸೇತುವೆ ದಾಟಿ ಬಲಕ್ಕೆ ತಿರುಗಿ ನದಿಯ ದಂಡೆಯನ್ನೇ ಹಿಡಿಯಿರಿ. ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಜನರು ಕೈಯಾರೆ ಬರೆದ ಕೆಂಪು ಹೃದಯಗಳ ಉದ್ದನೆಯ ಗೋಡೆ, ಅದಾದ ಮೇಲೆ ಲ್ಯಾಂಬೆತ್ ಅರಮನೆ, ಆಮೇಲೆ ಲ್ಯಾಂಬೆತ್ ಸೇತುವೆ. ಸೇತುವೆಯ ರಸ್ತೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಮುಂದೆ ಹೋದರೆ ಮರಗಳ ನಡುವೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ. ನಿಧಾನವಾಗಿ ನಡೆದರೂ ಅರ್ಧ ಗಂಟೆ. ನದಿಯ ಆಚೆ ಸ್ವಲ್ಪ ದೂರದಲ್ಲಿ ಸಂಸತ್ ಭವನ.

ಚಳಿಗಾಲವಾದರೆ ಅಲ್ಲಿ ಬೇಗ ಕತ್ತಲಾಗುತ್ತದೆ. ಬಸವಣ್ಣನನ್ನು ಬೆಳಗ್ಗೆಯೇ ನೋಡಿ, ಸೇಂಟ್ ಡನ್‌ಸ್ಟನ್‌ನಲ್ಲಿ ಊಟ ಮುಗಿಸಿ, ಮೂರು ಗಂಟೆಗೆ ತೋಟ ಹತ್ತುವಂತೆ ದಿನವನ್ನು ತಿರುಗಿಸಿಕೊಳ್ಳಿ. ಈ ಸಲ ಅಪ್ಪ ಬಂದಾಗ ನಾವು ಹೊರಡುವುದು ಇದೇ ಕ್ರಮದಲ್ಲಿ. ಸೋಮವಾರದ ಟಿಕೆಟ್‌ಗಾಗಿ ಮೊಬೈಲಿನಲ್ಲಿ ಅಲಾರಂ ಇಟ್ಟಾಗಿದೆ.